ಸವೆಯಲೆಂದೇ ಇರುವ ಕಾರ್ಬನ್ನು

ಮನೆಯ ಸಜ್ಜೆಯ ಮೇಲೆ, ಹಳೆಯ ಸೂಟ್‌ಕೇಸಿಗೂ ಕೆಟ್ಟ ಟೇಬಲ್ ಫ್ಯಾನಿಗೂ ನಡುವೆ ಒಂದು ಡ್ರಿಲ್ಲಿಂಗ್ ಮಷೀನು ಬಿದ್ದಿರುತ್ತದೆ. ಸ್ವಿಚ್ಚು ಒತ್ತಿದರೆ ಒಮ್ಮೆ ತಿರುಗುತ್ತದೆ, ಇನ್ನೊಮ್ಮೆ ಸುಮ್ಮನಿರುತ್ತದೆ. ಪಕ್ಕೆಗೊಂದು ಏಟು ಕೊಟ್ಟರೆ ಎಚ್ಚೆತ್ತು, ಗೋಡೆಗೆ ಅರ್ಧ ತೂತು ಕೊರೆದು, ಮತ್ತೆ ಮುಷ್ಕರ ಹೂಡುತ್ತದೆ. ಗಾಳಿಕಿಂಡಿಯೊಳಗೆ ಕಿತ್ತಳೆ ಬಣ್ಣದ ಕಿಡಿ, ಮೂಗಿಗೆ ಬಡಿಯುವ ಸುಟ್ಟ ವಾಸನೆ. ‘ಮೋಟಾರ್ ಸುಟ್ಟೋಯ್ತು’ ಎಂದು ಮನೆಮಂದಿ ತೀರ್ಪು ಕೊಡುತ್ತಾರೆ. ಒಂದು ಭಾನುವಾರ ಅದು ಗುಜರಿಯವನ ತಕ್ಕಡಿ ಏರುತ್ತದೆ. ಹೀಗೆ ತೂಕಕ್ಕೆ ಹೋದ ಎಷ್ಟೋ ಮಷೀನುಗಳ ಮೋಟಾರು ಸುಟ್ಟಿರುವುದೇ ಇಲ್ಲ. ಒಳಗಿನ ಎರಡು ಕಾರ್ಬನ್ ತುಂಡು ಸವೆದಿರುತ್ತವೆ, ಅಷ್ಟೆ. ಚಪ್ಪಲಿಯ ಅಟ್ಟೆ ಸವೆದರೆ ಕಾಲೇ ಹೋಯಿತೆಂದು ಯಾರೂ ಗೋಳಾಡುವುದಿಲ್ಲ. ಮಷೀನಿನ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ವಿವೇಕ ಸಜ್ಜೆ ಹತ್ತಿ ಕೂರುತ್ತದೆ.

ಅಂಗಡಿಯವರೂ ಮೆಕ್ಯಾನಿಕ್ಕುಗಳೂ ‘ಕಾರ್ಬನ್’ ಎಂದಷ್ಟೇ ಕರೆಯುವ ಈ ಬ್ರಷ್ಷು ನೋಡಲು ಏನೇನೂ ಅಲ್ಲ. ಕಿರುಬೆರಳಿನ ಉಗುರಿನಷ್ಟು ಅಗಲದ ಕಪ್ಪು ತುಂಡು. ಬೆನ್ನಿಗೊಂದು ಸ್ಪ್ರಿಂಗು, ಸ್ಪ್ರಿಂಗಿನೊಳಗೆ ಹೆಣೆದ ತಾಮ್ರದ ಎಳೆ, ತುದಿಯಲ್ಲಿ ಹಿತ್ತಾಳೆಯ ಬಿಲ್ಲೆ. ಹೊಸದಾಗಿದ್ದಾಗ ಉದ್ದ 15 ಮಿಲಿಮೀಟರ್ ಆಸುಪಾಸು ಇರುತ್ತದೆ. ಮೋಟಾರಿನ ನಡುವೆ ತಿರುಗುವ ಭಾಗ ಆರ್ಮೇಚರ್. ಅದರ ಒಂದು ತುದಿಗೆ ತಾಮ್ರದ ಸಣ್ಣ ಸಣ್ಣ ಪಟ್ಟಿಗಳನ್ನು ಸುತ್ತಲೂ ಜೋಡಿಸಿದ ಉರುಳೆಯಿದೆ, ಅದೇ ಕಮ್ಯುಟೇಟರ್. ಒಂದು ಪಟ್ಟಿಗೂ ಇನ್ನೊಂದಕ್ಕೂ ನಡುವೆ ಕಾಗೆಬಂಗಾರದಂಥ, ಕರೆಂಟು ಹರಿಯದ ತೆಳು ಪದರ. ಎದುರುಬದುರಾಗಿ ಕೂತ ಎರಡು ಕಾರ್ಬನ್ನುಗಳು ಸ್ಪ್ರಿಂಗಿನ ಒತ್ತಡಕ್ಕೆ ಈ ಉರುಳೆಯನ್ನು ಸದಾ ಒತ್ತಿಕೊಂಡಿರುತ್ತವೆ. ವೈರಿನಲ್ಲಿ ಬಂದ ಕರೆಂಟು ತಿರುಗುತ್ತಿರುವ ಭಾಗಕ್ಕೆ ದಾಟಬೇಕಾದರೆ ಈ ಉಜ್ಜಾಟದ ದಾರಿಯೊಂದೇ.

ಉಜ್ಜಾಟವೇ ಇಲ್ಲದ ಮೋಟಾರುಗಳೂ ಇವೆಯಲ್ಲ, ಡ್ರಿಲ್ಲಿಗೇಕೆ ಈ ರಗಳೆ ಎನ್ನಬಹುದು. ಉತ್ತರ ವೇಗದಲ್ಲಿದೆ. ನಮ್ಮ ಮನೆಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತನದ ಎಸಿ ಕರೆಂಟು. ಸೀಲಿಂಗ್ ಫ್ಯಾನಿನಲ್ಲಿ, ಬಾವಿಯ ಪಂಪಿನಲ್ಲಿ ಇರುವ ಇಂಡಕ್ಷನ್ ಮೋಟಾರು ಈ ಕರೆಂಟಿಗೆ ನೇರವಾಗಿ ಜೋಡಿಸಿದರೆ ತಿಪ್ಪರಲಾಗ ಹಾಕಿದರೂ ನಿಮಿಷಕ್ಕೆ 3000 ಸುತ್ತು ದಾಟಲಾರದು. ಒಂದು ಕೈಯಲ್ಲಿ ಹಿಡಿಯುವಷ್ಟು ಹಗುರವಾದ ಮೋಟಾರಿನಿಂದ ಕಾಂಕ್ರೀಟು ಕೊರೆಯುವ ಶಕ್ತಿ ಬೇಕೆಂದರೆ ಅದನ್ನು ನಿಮಿಷಕ್ಕೆ 20 ಸಾವಿರದ ಆಸುಪಾಸು ಓಡಿಸಿ, ಗಿಯರ್ ಹಾಕಿ ವೇಗ ಇಳಿಸಿ, ಬಲ ಹೆಚ್ಚಿಸಬೇಕು. ಅದಕ್ಕೆ ಒಗ್ಗಿದ್ದು ಯೂನಿವರ್ಸಲ್ ಮೋಟಾರು. ಇದರಲ್ಲಿ ಹೊರಗಿನ ಫೀಲ್ಡ್ ಕಾಯಿಲ್ಲೂ ಒಳಗಿನ ಆರ್ಮೇಚರೂ ಒಂದೇ ಸಾಲಿನಲ್ಲಿ ಜೋಡಣೆಯಾಗಿರುತ್ತವೆ. ಕರೆಂಟು ದಿಕ್ಕು ಬದಲಿಸಿದಾಗ ಎರಡರ ಕಾಂತಬಲವೂ ಒಟ್ಟಿಗೇ ತಿರುವುಮುರುವಾಗುವುದರಿಂದ ತಿರುಗುವ ದಿಕ್ಕು ಮಾತ್ರ ಹಾಗೇ ಉಳಿಯುತ್ತದೆ. ಎಸಿಯಾದರೂ ಸೈ, ಡಿಸಿಯಾದರೂ ಸೈ.

ಮಿಕ್ಸಿಯಲ್ಲಿರುವುದೂ ಇದೇ ಜಾತಿಯ ಮೋಟಾರು. ವ್ಯಾಕ್ಯೂಮ್ ಕ್ಲೀನರು, ಟೈಲ್ಸ್ ಕತ್ತರಿಸುವ ಮಷೀನು, ಬಡಗಿಯ ಕೈಯ ಎಲೆಕ್ಟ್ರಿಕ್ ಹತ್ತರಿ ಎಲ್ಲವೂ ಇದೇ ವಂಶ. ಇಡ್ಲಿ ಹಿಟ್ಟು ರುಬ್ಬುವ ವೆಟ್ ಗ್ರೈಂಡರಿನಲ್ಲಿ ಮಾತ್ರ ಕಾರ್ಬನ್ ಹುಡುಕಬೇಡಿ, ಅದರದ್ದು ಸಾಮಾನ್ಯವಾಗಿ ಇಂಡಕ್ಷನ್ ಮೋಟಾರು. ಬೆಳಗಾಗೆದ್ದು ಚಟ್ನಿ ಮಾಡುವಾಗ ಮಿಕ್ಸಿ ಕೇರಿಗೆಲ್ಲ ಕೇಳುವಂತೆ ಅರಚಿಕೊಳ್ಳುವುದಕ್ಕೂ, ಗ್ರೈಂಡರು ಗೊಣಗುತ್ತ ತನ್ನ ಪಾಡಿಗೆ ತಿರುಗುವುದಕ್ಕೂ ಮುಖ್ಯ ಕಾರಣ ಇದೇ.

ಕಾರ್ಬನ್ನಿನ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಆರಂಭದ ಡೈನಮೋಗಳಲ್ಲಿ ಈ ಕೆಲಸ ಮಾಡುತ್ತಿದ್ದುದು ತಾಮ್ರದ ತಂತಿಯ ಕಟ್ಟುಗಳು. ತಾಮ್ರದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಅದಕ್ಕಿಂತ ಒಳ್ಳೆಯದು ಬೇರೆ ಯಾವುದಿದ್ದೀತು ಎಂಬ ಲೆಕ್ಕ. ಆದರೆ ಕಿಡಿ ವಿಪರೀತ ಹಾರುತ್ತಿತ್ತು, ತಾಮ್ರ ತಾಮ್ರವನ್ನೇ ಕೆರೆದು ಕಮ್ಯುಟೇಟರನ್ನು ಹಾಳುಗೆಡವುತ್ತಿತ್ತು. ಸ್ಕಾಟ್ಲೆಂಡಿನ ಜಾರ್ಜ್ ಫೋರ್ಬ್ಸ್ ಎಂಬ ಭೌತವಿಜ್ಞಾನಿ 1885ರಲ್ಲಿ ತಾಮ್ರದ ಜಾಗದಲ್ಲಿ ಕಾರ್ಬನ್ ಬಳಸಲು ಪೇಟೆಂಟ್ ಪಡೆದ. ಕಾರ್ಬನ್ನಿನಲ್ಲಿ ಕರೆಂಟು ತಾಮ್ರದಷ್ಟು ಸಲೀಸಾಗಿ ಹರಿಯುವುದಿಲ್ಲ, ಗೆಲುವಿನ ಗುಟ್ಟೂ ಅದರಲ್ಲೇ ಇತ್ತು. ಉರುಳೆ ತಿರುಗುವಾಗ ಬ್ರಷ್ಷು ಪ್ರತಿಸಲವೂ ಎರಡು ಪಟ್ಟಿಗಳನ್ನು ಒಟ್ಟಿಗೆ ಮುಟ್ಟುವ ಒಂದು ಕ್ಷಣ ಬರುತ್ತದೆ. ಆ ಪಟ್ಟಿಗಳ ನಡುವಿನ ಸುರುಳಿ ಆಗ ಶಾರ್ಟ್ ಆಗುತ್ತದೆ. ಮಧ್ಯದಲ್ಲಿರುವುದು ತಾಮ್ರವಾದರೆ ಸುರುಳಿಯೊಳಗೆ ಕರೆಂಟು ಅಡೆತಡೆಯಿಲ್ಲದೆ ಸುತ್ತುಹಾಕಿ, ಪಟ್ಟಿ ಬಿಟ್ಟುಹೋಗುವಾಗ ಕಿಡಿಯಾಗಿ ಸಿಡಿಯುತ್ತದೆ. ಕಾರ್ಬನ್ನಾದರೆ ತನ್ನ ಪ್ರತಿರೋಧದಿಂದ ಆ ಸುತ್ತಾಟಕ್ಕೆ ಕಡಿವಾಣ ಹಾಕುತ್ತದೆ. ಇಂದಿಗೂ ಕಾರಿನ ಸೆಲ್ಫ್ ಮೋಟಾರಿನಂಥ 12 ವೋಲ್ಟಿನ ಕಡೆ ತಾಮ್ರ ಬೆರೆಸಿದ ಬ್ರಷ್ಷು ಹಾಕುತ್ತಾರೆ. ಮಿಕ್ಸಿ, ಡ್ರಿಲ್ಲಿನಂಥ 230 ವೋಲ್ಟಿನವಕ್ಕೆ ಬೇಕೆಂದೇ ಪ್ರತಿರೋಧ ಹೆಚ್ಚಿಸಿದ, ಗ್ರಾಫೈಟ್ ಪುಡಿಗೆ ರಾಳ ಬೆರೆಸಿ ಒತ್ತಿದ ತುಂಡುಗಳು ಬರುತ್ತವೆ. ಅಳತೆ ಸರಿಹೋಯಿತೆಂದು ಯಾವುದೋ ಬ್ರಷ್ಷನ್ನು ಎಲ್ಲಿಗೋ ತುರುಕಬಾರದು ಎನ್ನುವುದು ಇದಕ್ಕೇ. ಫೋರ್ಬ್ಸ್ ಪೇಟೆಂಟ್ ಪಡೆದ ನಾಲ್ಕು ವರ್ಷಕ್ಕೆ, 1889ರಲ್ಲಿ, ಮೆಲ್ಬರ್ನಿನಲ್ಲಿ ಆರ್ಥರ್ ಆರ್ನಾಟ್ ಮತ್ತು ವಿಲಿಯಂ ಬ್ರೇನ್ ವಿದ್ಯುತ್ ಡ್ರಿಲ್ಲಿಗೆ ಪೇಟೆಂಟ್ ಮಾಡಿಸಿದರು. ಪಿಸ್ತೂಲಿನ ಹಿಡಿ, ಬೆರಳಿನಲ್ಲಿ ಒತ್ತುವ ಸ್ವಿಚ್ಚು ಇರುವ ಇಂದಿನ ರೂಪಕ್ಕೆ 1917ರಲ್ಲಿ ಪೇಟೆಂಟ್ ಸಿಕ್ಕಿದ್ದು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್‌ನವರಿಗೆ.

ಗ್ರಾಫೈಟು ತಾನಾಗಿಯೇ ಜಾರುವ ವಸ್ತು, ಅದಕ್ಕೇ ಎಣ್ಣೆ ಬೇಡ ಎಂದು ನಂಬಿಕೊಂಡಿದ್ದವರಿಗೆ ಎರಡನೇ ಮಹಾಯುದ್ಧದ ಕಾಲದಲ್ಲಿ ಪಾಠವಾಯಿತು. ಎತ್ತರದಲ್ಲಿ ಹಾರುತ್ತಿದ್ದ ಯುದ್ಧವಿಮಾನಗಳ ಜನರೇಟರುಗಳಲ್ಲಿ ಕಾರ್ಬನ್ ಬ್ರಷ್ಷುಗಳು ತಾಸೊಪ್ಪತ್ತಿನಲ್ಲಿ ಪುಡಿಪುಡಿಯಾಗಿ ಉದುರತೊಡಗಿದವು. ನೆಲದ ಮೇಲೆ ತಿಂಗಳುಗಟ್ಟಲೆ ಬಾಳುವ ಬ್ರಷ್ಷುಗಳೇ ಅವು. ತಪಾಸಣೆ ಮಾಡಿದಾಗ ತಿಳಿದದ್ದು, ಮೇಲಿನ ಗಾಳಿಯಲ್ಲಿ ನೀರಾವಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನೀರಾವಿಯ ಕಣಗಳು ಅಂಟಿಕೊಂಡಾಗಲಷ್ಟೇ ಗ್ರಾಫೈಟಿನ ಪದರಗಳು ಜಾರುತ್ತವೆ. ಒಣಗಿದ ಗ್ರಾಫೈಟು ತನ್ನನ್ನು ತಾನೇ ಅರೆದುಕೊಳ್ಳುತ್ತದೆ. ಪರಿಹಾರವಾಗಿ ಬ್ರಷ್ಷಿಗೆ ಬೇರೆ ಬೇರೆ ರಾಸಾಯನಿಕಗಳನ್ನು ಸೇರಿಸಿ ಕೆಲಸ ಸಾಗಿಸಿದರು. ಕಲಬುರಗಿಯ ಏಪ್ರಿಲ್ ಬಿಸಿಲಿನ ಗಾಳಿಯಲ್ಲೂ ಡ್ರಿಲ್ಲಿಗೆ ಬೇಕಾಗುವಷ್ಟು ತೇವ ಇದ್ದೇ ಇರುತ್ತದೆ, ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಈ ತೇವ, ಗ್ರಾಫೈಟು, ತಾಮ್ರದ ಕಿಲುಬು ಮೂರೂ ಸೇರಿ ಕಮ್ಯುಟೇಟರಿನ ಮೇಲೆ ಚಾಕೊಲೇಟ್ ಬಣ್ಣದ ತೆಳು ಪೊರೆಯಾಗುತ್ತದೆ. ಅದು ಕೊಳೆಯಲ್ಲ, ಮೋಟಾರಿನ ಆರೋಗ್ಯದ ಲಕ್ಷಣ. ತಾಮ್ರ ಪಳಪಳ ಹೊಳೆಯಲೆಂದು ಅದನ್ನು ಉಜ್ಜಿ ತೆಗೆಯುವುದು ತುಂಬ ಜನ ಮಾಡುವ ಅತಿಬುದ್ಧಿವಂತಿಕೆ.

ಇನ್ನು ಕೆಲಸಕ್ಕೆ ಇಳಿಯೋಣ. ಮಷೀನು ನಿಂತಿದೆಯೆಂದರೆ ಕಾರ್ಬನ್ನೇ ಕಾರಣ ಎಂದೇನಿಲ್ಲ. ಹಿಡಿಯ ಬುಡದಲ್ಲಿ ವೈರು ಬಾಗಿ ಬಾಗಿ ಒಳಗೇ ತುಂಡಾಗುವುದು ಅಷ್ಟೇ ಸಾಮಾನ್ಯ. ಅಲ್ಲಿ ವೈರನ್ನು ಅಲುಗಾಡಿಸಿದಾಗ ಓಡಿ ನಿಂತರೆ ಕಾರ್ಬನ್ ಪಾಪದ್ದು, ವೈರು ಬದಲಿಸಬೇಕು. ಮುಂದಿನ ಚಕ್ಕನ್ನು ಕೈಯಿಂದ ಸ್ವಲ್ಪ ತಿರುಗಿಸಿದ ಮೇಲೆ ಹೊರಡುವುದು, ಏಟಿಗೆ ಎಚ್ಚೆತ್ತುಕೊಳ್ಳುವುದು, ದಿನೇದಿನೇ ಬಲ ಕುಗ್ಗುವುದು, ಮೊದಲಿಗಿಂತ ಕಿಡಿ ಜಾಸ್ತಿಯಾಗುವುದು ಇವೆಲ್ಲ ಕಾರ್ಬನ್ನಿನ ಕಡೆಗೆ ಬೆರಳು ತೋರುತ್ತವೆ. ಚಕ್ಕು ತಿರುಗಿಸುವುದೇ ಇರಲಿ, ಮುಂದಿನ ಯಾವ ಕೆಲಸವೇ ಇರಲಿ, ಪ್ಲಗ್ಗು ಕಿತ್ತು ಕಣ್ಣಿಗೆ ಕಾಣುವ ಕಡೆ ಇಟ್ಟುಕೊಂಡೇ ಮಾಡಬೇಕು. ಗೋಡೆಯ ಸ್ವಿಚ್ಚು ಆರಿಸಿದರೆ ಸಾಲದು. ನಮ್ಮ ಎಷ್ಟೋ ಮನೆಗಳಲ್ಲಿ ಸ್ವಿಚ್ಚು ಫೇಸಿಗೆ ಬದಲು ನ್ಯೂಟ್ರಲ್ಲಿಗೆ ಕೂತಿರುತ್ತದೆ.

ಮೋಟಾರಿನ ಹಿಂಭಾಗದ ಎರಡೂ ಪಕ್ಕದಲ್ಲಿ, ನಾಣ್ಯದ ಅಂಚಿನಷ್ಟು ಸೀಳಿರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇದ್ದರೆ ನೀವು ಅದೃಷ್ಟವಂತರು. ಸೀಳಿಗೆ ತುಂಬಿ ಕೂರುವಂಥ ಅಗಲ ಬಾಯಿಯ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಸಣ್ಣದನ್ನು ಹಾಕಿದರೆ ಹಳೆಯ ಪ್ಲಾಸ್ಟಿಕ್ಕು ಬಿಸ್ಕತ್ತು ಮುರಿದಂತೆ ಮುರಿಯುತ್ತದೆ, ಆಮೇಲೆ ಮುಚ್ಚಳ ಹುಡುಕಿಕೊಂಡು ಊರೆಲ್ಲ ಅಲೆಯಬೇಕು. ಮುಚ್ಚಳದ ಮೇಲೆ ಬೆರಳಿಟ್ಟುಕೊಂಡೇ ಬಿಚ್ಚಿ, ಇಲ್ಲವಾದರೆ ಸ್ಪ್ರಿಂಗು ಚಿಮ್ಮಿ ಮಂಚದ ಕೆಳಗೆ ಸೇರುತ್ತದೆ. ಕಾರ್ಬನ್ ಹೊರಬಂದಾಗ ಅದರ ಮುಖ ಯಾವ ಕಡೆಗೆ ಬಾಗಿದೆ ಎಂದು ನೋಡಿಟ್ಟುಕೊಳ್ಳಿ. ಇನ್ನೂ ಸವೆಯದ ಬ್ರಷ್ಷಾಗಿದ್ದರೆ ಹೇಗೆ ತೆಗೆದಿರೋ ಹಾಗೇ ವಾಪಸು ಹಾಕಬೇಕಾಗುತ್ತದೆ, ತಿರುಗಿಸಿ ಹಾಕಿದರೆ ಕೂತ ಮುಖ ಕೆಡುತ್ತದೆ.

ಹೊರಗೆ ಬಂದ ತುಂಡು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಉಜ್ಜುವ ಮುಖ ಕಮ್ಯುಟೇಟರಿನ ದುಂಡಗಿನ ಆಕಾರಕ್ಕೆ ಬಾಗಿ, ಬೂದು ಬಣ್ಣಕ್ಕೆ ನಯವಾಗಿ ಮಿರುಗುತ್ತಿದ್ದರೆ ಅದು ನೆಮ್ಮದಿಯ ಬಾಳು ಬಾಳಿದೆ ಎಂದರ್ಥ. ಅಂಚು ಚಕ್ಕೆಯೆದ್ದಿದ್ದರೆ ಒಳಗೆ ಕುಣಿದಾಡಿದೆ: ಬೇರಿಂಗ್ ಸಡಿಲವಾಗಿರಬಹುದು, ಉರುಳೆ ದುಂಡಗೆ ಉಳಿದಿಲ್ಲದೆ ಇರಬಹುದು. ಮುಖದ ಮೇಲೆ ಉದ್ದುದ್ದ ಗೀರುಗಳಿದ್ದರೆ ಸಿಮೆಂಟಿನ ದೂಳು ಒಳಹೊಕ್ಕಿದೆ. ತಾಮ್ರದ ಎಳೆ ನೀಲಿಗಟ್ಟಿ, ಸ್ಪ್ರಿಂಗು ಮೆತ್ತಗಾಗಿದ್ದರೆ ಮಷೀನಿಗೆ ಅದರ ಯೋಗ್ಯತೆ ಮೀರಿದ ಕೆಲಸ ಕೊಟ್ಟಿದ್ದೀರಿ. ಉದ್ದವನ್ನು ಸ್ಕೇಲಿನಲ್ಲಿ ಅಳೆಯಿರಿ. ಕೆಲವು ಕಂಪನಿಗಳು ಬ್ರಷ್ಷಿನ ಮೈಮೇಲೇ ಗೆರೆ ಕೊರೆದಿರುತ್ತವೆ, ಸವೆತ ಗೆರೆಗೆ ಬಂದರೆ ಬದಲಿಸಬೇಕು. ಗೆರೆ ಇಲ್ಲದಿದ್ದರೆ 5-6 ಮಿಲಿಮೀಟರಿಗೆ ಇಳಿದದ್ದನ್ನು ಕೆಲಸ ಮುಗಿಯಿತೆಂದೇ ಲೆಕ್ಕ ಹಾಕಿ. ಒಂದು ಸವೆದು ಇನ್ನೊಂದು ಚೆನ್ನಾಗಿದ್ದರೂ ಎರಡನ್ನೂ ಒಟ್ಟಿಗೇ ಬದಲಿಸಬೇಕು, ಇಲ್ಲಿ ಜುಗ್ಗತನ ಬೇಡ. ಇಬ್ಬರು ದರ್ಶಿನಿಯಲ್ಲಿ ನಿಂತು ತಿಂಡಿ ತಿಂದಷ್ಟು ದುಡ್ಡಿನೊಳಗೆ ಸಾಧಾರಣವಾಗಿ ಜೋಡಿ ಬರುತ್ತದೆ.

ಅಂಗಡಿಗೆ ಹೋಗುವಾಗ ಹಳೆಯ ತುಂಡು ಜೇಬಿನಲ್ಲಿರಲಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಟೂಲ್ಸ್ ಬಿಡಿಭಾಗದ ಅಂಗಡಿಯವನ ಮೊದಲ ಮಾತೇ ‘ಸ್ಯಾಂಪಲ್ ತಂದಿದ್ದೀರಾ ಸಾರ್?’ ಕಂಪನಿಯ ಹೆಸರು, ಎಷ್ಟು ವ್ಯಾಟು, ಯಾವ ಬಣ್ಣ ಎಂದು ನೀವು ವರ್ಣಿಸುತ್ತ ನಿಂತರೆ ಅವನು ಮುಂದಿನ ಗಿರಾಕಿಯ ಕಡೆ ತಿರುಗುತ್ತಾನೆ. ತುಂಡನ್ನು ಕೈಗಿಟ್ಟರೆ ಒಮ್ಮೆ ತಿರುವಿ ನೋಡಿ, ಹಿಂದಿನ ನೂರಾರು ಪುಟ್ಟ ಡಬ್ಬಿಗಳಲ್ಲಿ ಒಂದನ್ನು ನೇರವಾಗಿ ಎಳೆಯುತ್ತಾನೆ. ದಪ್ಪ ಮತ್ತು ಅಗಲ ತಾಳೆಯಾಗಲೇಬೇಕು. ಬಿಲ್ಲೆಯ ಆಕಾರ, ಎಳೆ ಹೊರಡುವ ಜಾಗವೂ ಅಷ್ಟೇ. ಉದ್ದ ತಾನಾಗಿಯೇ ಸವೆಯುವುದರಿಂದ ತುಸು ಹೆಚ್ಚುಕಡಿಮೆ ನಡೆಯುತ್ತದೆ. ತಕ್ಕುದು ಸಿಗದಿದ್ದರೆ ‘ಸ್ವಲ್ಪ ದಪ್ಪ ಇದೆ ಸಾರ್, ಉಜ್ಜಿ ಹಾಕಿಕೊಳ್ಳಿ’ ಎಂಬ ಸಲಹೆ ಬರುತ್ತದೆ. ಸಪಾಟಾದ ಗಾಜಿನ ಮೇಲೆ ನುಣುಪು ಸ್ಯಾಂಡ್ ಪೇಪರ್ ಹಾಸಿ ಸಮನಾಗಿ ಉಜ್ಜಿದರೆ ಅದೂ ಆಗುತ್ತದೆ, ಬ್ರಷ್ಷು ತನ್ನ ಗೂಡಿನಲ್ಲಿ ಅಲ್ಲಾಡದೆ ಆದರೆ ತಾನೇ ಜಾರುವಂತಿರಬೇಕು. ಹಳೆಯ ಟಾರ್ಚ್ ಸೆಲ್ಲಿನ ಕಡ್ಡಿಯನ್ನು ಕೊರೆದು ಬ್ರಷ್ಷು ಮಾಡುವ ಹಳ್ಳಿಯ ಚಮತ್ಕಾರವೂ ಉಂಟು. ಆ ಕಡ್ಡಿ ಉಜ್ಜಾಟಕ್ಕೆ ಹುಟ್ಟಿದ್ದಲ್ಲ. ಅರ್ಜೆಂಟಿಗೆ ಓಡಿತೆಂದು ಬಿಟ್ಟುಬಿಟ್ಟರೆ ಅದು ಕಮ್ಯುಟೇಟರನ್ನೇ ತಿಂದುಹಾಕೀತು.

ಹೊಸದನ್ನು ಹಾಕುವ ಮುನ್ನ ಗೂಡಿನೊಳಗಿನ ಕರಿಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಪುಡಿಯಲ್ಲಿ ಕರೆಂಟು ಹರಿಯುತ್ತದೆ. ಮೂಲೆಮೂಲೆಯಲ್ಲಿ ಕೂತರೆ ಹರಿಯಬಾರದ ಕಡೆಗೂ ದಾರಿ ಮಾಡಿಕೊಡುತ್ತದೆ. ಕಿಂಡಿಯಿಂದ ಟಾರ್ಚು ಬಿಟ್ಟು ಕಮ್ಯುಟೇಟರ್ ನೋಡಿ. ಸಮನಾದ ಕಂದು ಬಣ್ಣ ಇದ್ದರೆ ಮುಟ್ಟಬೇಡಿ. ತೀರ ಕರಿಹತ್ತಿದ್ದರೆ ನುಣುಪಾದ ಗಾಜಿನ ಕಾಗದವನ್ನು ಸಪೂರ ಕಡ್ಡಿಗೆ ಸುತ್ತಿ ಮೆಲ್ಲಗೆ ಆಡಿಸಬಹುದು. ಕಬ್ಬಿಣ ತಿಕ್ಕುವ ಎಮರಿ ಕಾಗದ ಮಾತ್ರ ಬೇಡ, ಅದರ ಗಡಸು ಹರಳು ತಾಮ್ರದ ಸಂದಿಯಲ್ಲಿ ಸಿಕ್ಕಿಕೊಂಡು ಹೊಸ ಕಾರ್ಬನ್ನನ್ನು ಕೆರೆಯುತ್ತಲೇ ಇರುತ್ತದೆ. ಮುಚ್ಚಳವನ್ನು ಕೈಯಿಂದ ತಿರುಪಿ ಎಳೆ ಸರಿಯಾಗಿ ಕೂತ ಮೇಲೆ ಸ್ಕ್ರೂಡ್ರೈವರಿನಿಂದ ಹದವಾಗಿ ಬಿಗಿ ಮಾಡಿ. ಮುಚ್ಚಳ ಒಡೆದಿದ್ದರೆ ಕಬ್ಬಿಣದ ಸ್ಕ್ರೂ ಹಾಕಿಯೋ ಟೇಪು ಸುತ್ತಿಯೋ ಮಷೀನು ಓಡಿಸುವ ಸಾಹಸ ಖಂಡಿತ ಬೇಡ. ಅದರ ಹಿಂದಿರುವ ಹಿತ್ತಾಳೆಯ ಗೂಡಿನಲ್ಲಿ ಪೂರಾ 230 ವೋಲ್ಟು ಇರುತ್ತದೆ, ನಿಮ್ಮ ಅಂಗೈಗೂ ಅದಕ್ಕೂ ನಡುವೆ ಇರುವುದು ಆ ಪ್ಲಾಸ್ಟಿಕ್ಕೊಂದೇ.

ಹೊಸ ಕಾರ್ಬನ್ನಿನ ಮುಖ ಇನ್ನೂ ಚಪ್ಪಟೆ, ಉರುಳೆ ದುಂಡು. ಒಂದೆರಡು ಗೆರೆಯಲ್ಲಷ್ಟೇ ಮುಟ್ಟುವುದರಿಂದ ಶುರುವಿನಲ್ಲಿ ಕಿಡಿ ಜಾಸ್ತಿ ಕಾಣುತ್ತದೆ. ಗಾಬರಿಯಾಗಿ ಕಿತ್ತುಹಾಕಬೇಡಿ. ಬಿಟ್ ಹಾಕದೆ, ಸ್ವಿಚ್ಚನ್ನು ಅರ್ಧ ಒತ್ತಿ, ಹತ್ತು ನಿಮಿಷ ಖಾಲಿ ಓಡಲು ಬಿಟ್ಟರೆ ಮುಖ ಬಾಗಿ ಕೂರುತ್ತದೆ. ಕಿಡಿ ನೀಲಿ ಚುಕ್ಕಿಗಳಷ್ಟಕ್ಕೆ ಇಳಿಯುತ್ತದೆ. ಬದಲಿಸಿದ ಕೂಡಲೇ ಕಾಂಕ್ರೀಟ್ ತೊಲೆಗೆ ಹಿಡಿದರೆ ಆ ಒಂದೆರಡು ಗೆರೆಯ ಮೇಲೇ ಇಡೀ ಭಾರ ಬಿದ್ದು ಮುಖ ಸುಟ್ಟುಹೋಗುತ್ತದೆ.

ಕಿಡಿ ಇಳಿಯದೆ, ಉರುಳೆಯ ಸುತ್ತಲೂ ಬೆಂಕಿಯ ಬಳೆ ತೊಡಿಸಿದಂತೆ ಉರಿದರೆ ಮಾತ್ರ ಸಂಗತಿ ಬೇರೆ. ಆರ್ಮೇಚರಿನ ಸುರುಳಿ ಒಳಗೇ ಶಾರ್ಟ್ ಆಗಿದೆ. ಉರುಳೆಯ ಒಂದೆರಡು ಪಟ್ಟಿ ಮಾತ್ರ ಕರಕಲಾಗಿ ಉಳಿದವು ಚೆನ್ನಾಗಿದ್ದರೆ ಆ ಪಟ್ಟಿಗೆ ಸೇರಿದ ತಂತಿ ಕಡಿದಿದೆ. ಎರಡಕ್ಕೂ ಕಾರ್ಬನ್ ಮದ್ದಲ್ಲ, ಆರ್ಮೇಚರ್ ವೈಂಡಿಂಗ್ ಮಾಡಿಸಬೇಕು ಅಥವಾ ಹೊಸದು ಹಾಕಿಸಬೇಕು. ಹೊಸ ಜೋಡಿ ತಿಂಗಳೊಪ್ಪತ್ತಿಗೇ ಸವೆದುಹೋದರೂ ಬೇರೆಡೆ ಹುಡುಕಬೇಕು. ಇಲ್ಲೊಂದು ತಮಾಷೆ ಇದೆ: ಸ್ಪ್ರಿಂಗು ಸಡಿಲವಾದರೆ ಉಜ್ಜಾಟ ಕಡಿಮೆಯಾಗಿ ಕಾರ್ಬನ್ ಹೆಚ್ಚು ದಿನ ಬರುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಆಗುವುದು ತದ್ವಿರುದ್ಧ. ಒತ್ತಡ ಸಾಲದೆ ಬ್ರಷ್ಷು ಎಗರೆಗರಿ ಬಿದ್ದು, ಪ್ರತಿ ಎಗರಾಟಕ್ಕೂ ಕಿಡಿ ಹೊತ್ತಿ, ಉಜ್ಜಾಟಕ್ಕಿಂತ ಬೇಗ ಬೆಂಕಿಯೇ ಅದನ್ನು ಮುಗಿಸುತ್ತದೆ.

ಹೊರಗೆ ಮುಚ್ಚಳವೇ ಇಲ್ಲದ ಮಷೀನುಗಳ ಬಗ್ಗೆ ನನಗೆ ತಕರಾರಿದೆ. ಹಿಂದೂಮುಂದೂ ತಿರುಗುವ ಕೆಲವು ಡ್ರಿಲ್ಲುಗಳಲ್ಲಿ ಬ್ರಷ್ಷಿನ ಗೂಡುಗಳನ್ನು ಹೊತ್ತ ತಟ್ಟೆಯೇ ತಿರುಗುವಂತಿರುತ್ತದೆ. ಅದಕ್ಕಾಗಿ ಬ್ರಷ್ಷು ಒಳಗಿರಬೇಕಾಗುತ್ತದೆ, ಒಪ್ಪೋಣ. ಆದರೆ ಅಂಥ ಯಾವ ಕಾರಣವೂ ಇಲ್ಲದೆ, ನಕ್ಷತ್ರ ತಲೆಯ ಎಂಟು ಸ್ಕ್ರೂ ಬಿಚ್ಚಿ, ಮೈಯನ್ನು ಎರಡು ಹೋಳು ಮಾಡಿ, ಗಿಯರಿನ ಗ್ರೀಸು ಮೆತ್ತಿಕೊಂಡೇ ತಲುಪಬೇಕಾದ ಜಾಗದಲ್ಲಿ ಕಾರ್ಬನ್ ಅಡಗಿಸಿಟ್ಟ ಮಷೀನುಗಳು ಅಗ್ಗದ ಮಾಲಿನಲ್ಲಿ ಸಿಗುತ್ತವೆ. ಸವೆಯುವುದು ಖಚಿತ ಎಂದು ಗೊತ್ತಿದ್ದೂ ದಾರಿ ಮುಚ್ಚಿದ್ದಾರೆ ಎಂದರೆ ಬಿಚ್ಚಬೇಡ, ಬಿಸಾಡು ಎಂದು ಅವರು ಹೇಳಿದಂತೆಯೇ. ಹೊಸ ಡ್ರಿಲ್ ಕೊಳ್ಳುವಾಗ ವ್ಯಾಟು, ಬಣ್ಣ, ಪೆಟ್ಟಿಗೆಯೊಳಗಿನ ಬಿಟ್ಟುಗಳ ಸಂಖ್ಯೆ ನೋಡುವ ಮೊದಲು ಆ ಎರಡು ಮುಚ್ಚಳ ಇವೆಯೇ ನೋಡಿ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆಂದು ಪೋರ್ಟಲ್ ತೆರೆದಿದೆ, ಸಂತೋಷ. ಹಕ್ಕು ಚಲಾಯಿಸಲು ಸ್ಕ್ರೂಡ್ರೈವರ್ ತೂರುವಷ್ಟು ಜಾಗವೂ ಬೇಕು. ಇದಕ್ಕೆ ತದ್ವಿರುದ್ಧವಾದ ಒಂದು ಒಳ್ಳೆಯ ಏರ್ಪಾಡನ್ನೂ ಹೇಳಬೇಕು. ಕೆಲವು ಬ್ರಷ್ಷುಗಳ ಹೊಟ್ಟೆಯಲ್ಲಿ ಸ್ಪ್ರಿಂಗಿಗೆ ಸಿಕ್ಕಿಸಿದ ಪುಟ್ಟ ಪ್ಲಾಸ್ಟಿಕ್ ಕಡ್ಡಿ ಇರುತ್ತದೆ. ಕಾರ್ಬನ್ ಒಂದು ಮಟ್ಟಕ್ಕೆ ಸವೆದಾಗ ಕಡ್ಡಿ ಹೊರಚಿಮ್ಮಿ ಬ್ರಷ್ಷನ್ನು ಉರುಳೆಯಿಂದ ಎತ್ತಿಬಿಡುತ್ತದೆ. ಮಷೀನು ಚೆನ್ನಾಗಿ ಓಡುತ್ತಿದ್ದದ್ದು ಯಾವ ಕಿಡಿಯೂ ವಾಸನೆಯೂ ಇಲ್ಲದೆ ಟಪ್ಪನೆ ನಿಂತರೆ ಇದೇ ಆಗಿರಬಹುದು. ಕಮ್ಯುಟೇಟರನ್ನು ಉಳಿಸಲೆಂದೇ ಮಾಡಿದ ಈ ಉಪಕಾರವನ್ನು ಸಾವೆಂದು ತಿಳಿದವರೂ ಇದ್ದಾರೆ.

ಕಾರ್ಬನ್ನೇ ಇಲ್ಲದ ಕಾಲ ಬರುತ್ತಿದೆ ಎಂಬುದೂ ನಿಜ. ರೈಲಿನಲ್ಲಿ ಅದು ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ಹಳೆಯ ಡೀಸೆಲ್ ಎಂಜಿನುಗಳ ಗಾಲಿ ತಿರುಗಿಸುತ್ತಿದ್ದ ಡಿಸಿ ಮೋಟಾರುಗಳಿಗೆ ಕಾರ್ಬನ್ ತಪಾಸಣೆ ಲೋಕೋ ಶೆಡ್ಡುಗಳ ನಿತ್ಯದ ಗೊಣಗಾಟವಾಗಿತ್ತು. 1999ರ ಸುಮಾರಿಗೆ ಅಮೆರಿಕದಿಂದ ಬಂದು ಹುಬ್ಬಳ್ಳಿಯ ಶೆಡ್ಡಿನಲ್ಲಿ ನೆಲೆನಿಂತ ಡಬ್ಲ್ಯುಡಿಜಿ-4 ಎಂಜಿನುಗಳಲ್ಲಿ ಗಾಲಿಯ ಮೋಟಾರುಗಳು ಎಸಿ, ಕಮ್ಯುಟೇಟರೂ ಇಲ್ಲ, ಅದರ ಬ್ರಷ್ಷೂ ಇಲ್ಲ. ಬ್ಯಾಟರಿಯಲ್ಲಿ ಓಡುವ ಹೊಸ ಡ್ರಿಲ್ಲುಗಳಿಗೂ ಈಗ ಬ್ರಷ್‌ಲೆಸ್ ಮೋಟಾರು. ಯಾವ ಸುರುಳಿಗೆ ಯಾವಾಗ ಕರೆಂಟು ಎಂದು ನಿರ್ಧರಿಸುವ ಕೆಲಸವನ್ನು ಪುಟ್ಟ ಸರ್ಕಿಟ್ ಬೋರ್ಡು ಮಾಡುತ್ತದೆ. ಹಗುರ, ಮೌನಿ, ಕರೆಂಟಿನ ಉಳಿತಾಯ, ಎಲ್ಲ ಸರಿ. ಬೋರ್ಡು ಹೋದ ದಿನ ಬಿಲ್ ನೋಡಿದಾಗ ಹಳೆಯ ಕಾರ್ಬನ್ನಿನ ಬೆಲೆ ತಿಳಿಯುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ತೂತು ಕೊರೆಯುವ ಮನೆಗೆ ವೈರಿನ, ಕಾರ್ಬನ್ನಿನ ಡ್ರಿಲ್ಲೇ ಮೇಲು ಎಂಬ ನನ್ನ ಅಭಿಪ್ರಾಯ ಸದ್ಯಕ್ಕಂತೂ ಬದಲಾಗುವ ಹಾಗಿಲ್ಲ.

ಸರಿಯಾದ ಜೋಡಿ ಸಿಕ್ಕ ದಿನವೇ ಇನ್ನೊಂದು ಜೋಡಿಯನ್ನೂ ಕಟ್ಟಿಸಿಕೊಳ್ಳಿ. ಪೊಟ್ಟಣದ ಮೇಲೆ ಮಷೀನಿನ ಮಾಡೆಲ್ ನಂಬರು, ಬ್ರಷ್ಷಿನ ಅಳತೆ, ಅಂಗಡಿಯ ಗುರುತು ಬರೆದು ಡ್ರಿಲ್ಲಿನ ಪೆಟ್ಟಿಗೆಯ ಮುಚ್ಚಳಕ್ಕೆ ಒಳಗಿನಿಂದ ಅಂಟಿಸಿ. ಬಾಲ್ ಪೆನ್ನಿನಲ್ಲೇ ಬರೆಯಿರಿ. ಮಷೀನಿನ ಮೈಮೇಲಿನ ಸ್ಟಿಕ್ಕರು ಹೇಗೂ ಸಿಮೆಂಟು, ಬೆವರು ಹತ್ತಿ ಅಷ್ಟರೊಳಗೆ ಅಳಿಸಿಹೋಗಿರುತ್ತದೆ.